ಟವರ್ ಬರೋವರೆಗೆ ಕಾಯ್ಬೇಕಾ? ನಮ್ಮ ತಾರಸಿಗಳೇ ಸಾಕು

ಸಂಪಾದಕರೇ, ನಮಸ್ಕಾರ.

ಮಲೆನಾಡಲ್ಲಿ ನೆಟ್‌ವರ್ಕ್ ಇಲ್ಲ ಅನ್ನೋ ಸುದ್ದಿ ನಿಮ್ಮ ಪತ್ರಿಕೇಲಿ ಓದ್ತಾನೇ ಇರ್ತೀವಿ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ರಸ್ತೆ ಪಕ್ಕ ಕೂತು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ ನಂಗೆ ಇನ್ನೂ ಮರೆಯೋಕಾಗಿಲ್ಲ. ಟವರ್ ಬೇಕು ಅಂತ ಮನವಿ ಕೊಡ್ತಾನೇ ಇರೋಣ, ಆದ್ರೆ ಪೇಟೆವರೆಗೆ ಬಂದಿರೋ ಫೈಬರನ್ನ ಎರಡು ಕಿಲೋಮೀಟರ್ ಆಚೆ ಕಣಿವೆ ಮನೆಗಳಿಗೆ ಮುಟ್ಸೋ ಕೆಲ್ಸ ಊರವ್ರೇ ಸೇರಿ ಮಾಡ್ಬಹುದು, ನಾವು ಐದು ಜನ ಮಾಡಿ ನೋಡಿದೀವಿ.

ಫೈಬರ್ ಕನೆಕ್ಷನ್ ಕೊಟ್ಟವ್ರನ್ನ ಕೇಳ್ಕೊಂಡೇ ಕಳೆದ ವರ್ಷ ಪೇಟೆಯ ಒಂದು ತಾರಸಿ ಮೇಲೆ, ಎದುರು ಗುಡ್ಡದ ಮನೆ ಮಾಡಿನ ಮೇಲೆ ಒಂದೊಂದು ಆಂಟೆನಾ ಕೂರ್ಸಿದ್ವಿ, ಇಂಟರ್ನೆಟ್ ವೈಫೈ ತರಂಗದಲ್ಲಿ ಗುಡ್ಡಕ್ಕೆ ದಾಟಿ, ಅಲ್ಲಿಂದ ಕೆಳಗಿನ ನಾಕು ಮನೆಗೆ ಹೋಯ್ತು. ಆ ಕಡೆ ಫೋನೇ ಹತ್ತಲ್ಲ, ಹಂಗಾಗಿ ಸಂಜೆ ಕತ್ತಲಾದ್ಮೇಲೆ ಟಾರ್ಚ್ ಇಟ್ಕೊಂಡು ಎರಡೂ ಆಂಟೆನಾನ ಎದುರುಬದುರು ಹೊಂದಿಸಿದ್ದು, ಒಂದ್ಸಲ ಮಿನುಗಿಸಿದ್ರೆ ಬಲಕ್ಕೆ, ಎರಡ್ಸಲ ಆದ್ರೆ ಎಡಕ್ಕೆ, ಆರಿಸಿದ್ರೆ ನಟ್ಟು ಬಿಗಿ ಮಾಡು ಅಂತ. ಮೇ ತಿಂಗಳಲ್ಲಿ ಸಿಗ್ನಲ್ ಮೈನಸ್ 62 ಇತ್ತು (ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು), ಜೂನ್‌ನಲ್ಲಿ ಮಳೆ ಹಿಡಿದು ನಡುವಿನ ಹಲಸಿನ ಮರ ತೊಯ್ದಿದ್ದೇ ತಡ ಮೈನಸ್ 84ಕ್ಕೆ ಇಳೀತು, ಒದ್ದೆ ಎಲೆ ಈ ತರಂಗನ ಹೀರ್ಕೊಂಡ್ಬಿಡತ್ತೆ. ಮರ ಕಡಿಯೋ ಮಾತೇ ಇಲ್ಲ, ಆಂಟೆನಾ ಕೂರ್ಸಿದ ಪೈಪು ಹತ್ತಡಿ ಎತ್ತರಿಸಿದ್ವಿ, ಸರಿಹೋಯ್ತು. ಕರೆಂಟ್ ಹೋದ್ರೆ ಹಳೇ ಇನ್ವರ್ಟರ್ ಬ್ಯಾಟರಿ ಇದೆ. ಗುಡುಗು ಶುರುವಾದ್ರೆ ಮಾತ್ರ ಗುಡ್ಡದ ಮನೆ ಅಮ್ಮ ತಾವೇ ಹೋಗಿ ಕೇಬಲ್ ಕಿತ್ತಿಡ್ತಾರೆ, ನಿಜ ಹೇಳ್ಬೇಕಂದ್ರೆ ನಮ್ಮ ನೆಟ್‌ವರ್ಕ್ ಉಳ್ಕೊಂಡಿರೋದೇ ಅವ್ರಿಂದ.

ಇದು ಕಾನೂನಿಗೆ ವಿರುದ್ಧ ಅಲ್ವಾ ಅಂತ ಸುಮಾರು ಜನ ಕೇಳ್ತಾರೆ. ವೈಫೈ ಬಳಸೋ 2.4 ಗಿಗಾಹರ್ಟ್ಸ್ ತರಂಗಕ್ಕೆ 2005ರಿಂದ್ಲೇ ಲೈಸೆನ್ಸ್ ಬೇಕಿಲ್ಲ, 2018ರಲ್ಲಿ 5 ಗಿಗಾಹರ್ಟ್ಸ್‌ನ ಬಹುಪಾಲನ್ನೂ ಬಿಟ್ಟಿದ್ದಾರೆ, ಪವರ್ ಮಿತಿ ಮೀರಬಾರ್ದು ಅಷ್ಟೆ. ಇಂಟರ್ನೆಟ್ ದುಡ್ಡಿಗೆ ಮಾರೋದು ಬೇರೆ ವಿಷ್ಯ, ಅದಕ್ಕೂ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ-ವಾಣಿ ಯೋಜನೆ ಇದೆ, ಅದ್ರಲ್ಲಿ ಕಿರಾಣಿ ಅಂಗಡಿಯವ್ರೂ ಲೈಸೆನ್ಸ್ ಇಲ್ದೆ ವೈಫೈ ಕೊಡ್ಬಹುದು.

ಸ್ಪೇನಿನ ಕ್ಯಾಟಲೋನಿಯಾದಲ್ಲಿ ಗುರ್ಬ್ ಅನ್ನೋ ಹಳ್ಳಿ ಕಡೆ ಬ್ರಾಡ್‌ಬ್ಯಾಂಡ್ ಕೊಡೋಕೆ ಕಂಪನಿಗಳು ಬರ್ಲಿಲ್ಲ ಅಂತ 2004ರಲ್ಲಿ ಜನರೇ ಶುರು ಮಾಡಿದ ಗುಯಿಫಿ ಅನ್ನೋ ನೆಟ್‌ವರ್ಕ್ ಈಗ 35 ಸಾವಿರಕ್ಕೂ ಹೆಚ್ಚು ಕಡೆ ಹಬ್ಬಿದೆ. ಅಷ್ಟು ದೂರ ಯಾಕೆ, ತುಮಕೂರಿನ ದೇವರಾಯನದುರ್ಗದ ಹತ್ರ ದುರ್ಗದಹಳ್ಳಿಯಲ್ಲಿ ಜನಸ್ತು ಸಂಸ್ಥೆಯವ್ರು ಹಳ್ಳಿಯವ್ರ ಜೊತೆ ಸೇರಿ ಮೆಶ್, ಅಂದ್ರೆ ಒಂದು ವೈಫೈ ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟೋ ಜಾಲ ಕಟ್ಟಿದಾರೆ, ಇಂಟರ್ನೆಟ್ ಇಲ್ದಿದ್ರೂ ಊರವ್ರು ಮಾಡಿದ ರೆಕಾರ್ಡಿಂಗು ಊರೊಳಗೇ ಕೇಳೋ ಹಾಗೆ. ನಂಗೆ ಇದೇ ತುಂಬಾ ಮುಖ್ಯ ಅನ್ಸತ್ತೆ, ಯಾಕಂದ್ರೆ ಗಾಳಿ ಮಳೆಗೆ ಮರ ಬಿದ್ದು ಫೈಬರ್ ಕಡಿದ ದಿನಾನೂ ಆಸ್ಪತ್ರೆ, ಶಾಲೆ, ಪಂಚಾಯ್ತಿ ಒಂದಕ್ಕೊಂದು ಮಾತಾಡ್ಬಹುದು. ಧರ್ಮಶಾಲಾದಲ್ಲಿ ಹೀಗೇ ಆಂಟೆನಾದಿಂದ ಇಂಟರ್ನೆಟ್ ಮುಟ್ಟಿಸೋ ಏರ್‌ಜಲ್ದಿ ಸಂಸ್ಥೆಯವ್ರ ಆಂಟೆನಾಕ್ಕೆ ಮಂಗಗಳು ಜೋತು ಬೀಳ್ತಿದ್ವಂತೆ, ಮಂಗನ ಕಾಟ ನಮಗೇನು ಹೊಸದಲ್ಲ, ಕೇಬಲನ್ನ ಜಿಐ ಪೈಪ್ ಒಳಗೆ ಹಾಕಿದೀವಿ.

ಈಗ ಇನ್ನೂ ಹನ್ನೆರಡು ಮನೆಯವ್ರು ಕೇಳ್ತಿದಾರೆ. ಸಾಮಾನಿಗೆ ದುಡ್ಡು ಅವ್ರೇ ಹಾಕ್ತಾರೆ, ಎತ್ತರದ ಜಾಗ ಇಲ್ಲ. ನಮ್ಮ ಪೇಟೆಯಷ್ಟೇ ಅಲ್ಲ, ಎಲ್ಲಾ ಪಂಚಾಯ್ತಿಯವ್ರಲ್ಲೂ ಕೇಳ್ಕೊಳ್ಳೋದು ಇಷ್ಟೆ, ಓವರ್‌ಹೆಡ್ ಟ್ಯಾಂಕ್ ಮೇಲೆ ಒಂದು ಪೈಪು ನಿಲ್ಸೋಕೆ ಬರವಣಿಗೇಲಿ ಒಪ್ಪಿಗೆ ಕೊಡಿ, ಟ್ಯಾಂಕಿಗೆ ತೂತು ಹೊಡೆಯಲ್ಲ, ಕ್ಲ್ಯಾಂಪ್ ಹಾಕ್ತೀವಿ. ಮೇ ಮುಗಿಯೋದ್ರೊಳಗೆ ಸಿಗ್ಬೇಕು, ಮಳೆ ಶುರುವಾದ್ಮೇಲೆ ಪಾಚಿ ಕಟ್ಟಿದ ಆ ಏಣಿ ಹತ್ತಿ ಅಂತ ಯಾರಿಗೂ ಹೇಳೋಕಾಗಲ್ಲ.

ಇಂತಿ,
ಶಿವಮೊಗ್ಗ ಜಿಲ್ಲೆಯ ಒಬ್ಬ ಓದುಗ