ಹಕ್ಕಿಯ ಕಾಲು ಮುರಿದರೆ ದಾರ ಬಿಗಿಯಬೇಡಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಮಕ್ಕಳು ಪಂಜರದ ಹಕ್ಕಿಯನ್ನು ನಡುಮನೆಯಲ್ಲಿ ಹಾರಲು ಬಿಡುತ್ತಾರೆ. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ. ಏಟು ಬಿದ್ದ ಹಕ್ಕಿಯ ಕಾಲಿಗೆ ಅರಿಸಿನ, ಹರಳೆಣ್ಣೆ ಹಚ್ಚಿ ಬೆಂಕಿಕಡ್ಡಿ ಇಟ್ಟು ದಾರ ಸುತ್ತುವುದು ನಮ್ಮಲ್ಲಿ ರೂಢಿ. ಕೆಡುವುದು ಇಲ್ಲೇ. ದಾರ ರಕ್ತಸಂಚಾರ ನಿಲ್ಲಿಸಿ ಬೆರಳುಗಳನ್ನು ಕಪ್ಪಾಗಿಸುತ್ತದೆ. ಎಣ್ಣೆ ತಾಗಿದ ಪುಕ್ಕ ಮೈಯ ಬಿಸಿ ಹಿಡಿದಿಡಲಾರದು.

ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಮಾರುವ ಬಜರಿಗರ್ ಎಂಬ ಪುಟ್ಟ ಗಿಳಿ ತೂಗುವುದೇ 30–40 ಗ್ರಾಂ, ಮೈಯಲ್ಲಿರುವ ರಕ್ತ ಸುಮಾರು 3 ಮಿ.ಲೀ. ಆದ್ದರಿಂದ ರಕ್ತ ಸುರಿಯುತ್ತಿದ್ದರೆ ಮೊದಲು ಶುಭ್ರ ಬಟ್ಟೆಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ. ಎದೆಯನ್ನು ಮಾತ್ರ ಅದುಮಬೇಡಿ. ಹಕ್ಕಿಗೆ ವಪೆ (ನಮ್ಮ ಎದೆ, ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯುಪೊರೆ) ಇಲ್ಲ, ಎದೆಗೂಡು ಅಲುಗಾಡಿದರಷ್ಟೇ ಉಸಿರು. ಆಮೇಲೆ ತೂತು ಮಾಡಿದ ಶೂ ಡಬ್ಬಿಯಲ್ಲಿಟ್ಟು ವೈದ್ಯರ ಬಳಿ ಒಯ್ಯಿರಿ. ಪಶು ಆಸ್ಪತ್ರೆಗಳಲ್ಲಿ ದನಕರುಗಳದ್ದೇ ಹೆಚ್ಚು ಕೆಲಸ, ಹಕ್ಕಿ ನೋಡುವವರು ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ನಾವು ನುಂಗುವ ನೋವಿನ ಮಾತ್ರೆಯ ಚೂರನ್ನೂ ಕೊಡಕೂಡದು. ಔಷಧ ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳನ್ನು ನಿರ್ನಾಮದ ಅಂಚಿಗೆ ತಂದ ಡೈಕ್ಲೊಫೆನಾಕ್ ಕೂಡ ನೋವಿನ ಔಷಧವೇ. ಜಾನುವಾರುಗಳಿಗೆ ಅದನ್ನು ಕೊಡುವುದನ್ನು ಸರ್ಕಾರ 2006ರಲ್ಲಿ ನಿಷೇಧಿಸಿತು.

ಮೊಣಕಾಲಿನ ಕೆಳಗೆ ಮುರಿದಿದ್ದರೆ ವೈದ್ಯರು ಎರಡೂ ಬದಿಯಿಂದ ಟೇಪ್ ಅಂಟಿಸಿ ಕಾಲನ್ನು ನಡುವೆ ಹಿಡಿದಿಡುತ್ತಾರೆ. ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗಾಡಬಾರದು. ಅಲುಗಾಡಿದರೆ ಟೇಪಿನ ಭಾರವೇ ಮೂಳೆಯನ್ನು ಎಳೆದು ಇನ್ನಷ್ಟು ಸರಿಸುತ್ತದೆ. ತೊಡೆ ಮೂಳೆಗೆ ಈ ಪಟ್ಟಿ ನಿಲ್ಲದು. ರೆಕ್ಕೆಯ ಪಟ್ಟಿಯನ್ನು ವೈದ್ಯರು ಹೇಳಿದ ದಿನವೇ ಬಿಚ್ಚಿಸಿ, ತಡವಾದರೆ ಕೀಲು ಬಿಗಿದು ಹಕ್ಕಿ ಮತ್ತೆ ಹಾರಲಾರದು.

ಮೂಳೆ ಕೂಡಲು ಸುಮಾರು ಮೂರು ವಾರ ಬೇಕು. ಅಷ್ಟು ದಿನ ಪಂಜರದೊಳಗೆ ಹಕ್ಕಿ ಕೂರುವ ಕಡ್ಡಿಗಳನ್ನೆಲ್ಲ ತೆಗೆದು, ತಳಕ್ಕೆ ಹತ್ತಿಬಟ್ಟೆಯನ್ನು ಮಡಚಿ ಹಾಸಿ. ಟರ್ಕಿ ಟವೆಲ್ ಬೇಡ, ಅದರ ಎಳೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಒಂದು ಬದಿಗೆ ಹೊರಗಿನಿಂದ ಬಿಸಿಯಾಗುವ ಹಳೆಯ ಬಗೆಯ 40 ವಾಟ್ ಬಲ್ಬ್ ಇಟ್ಟು 28–30 ಡಿಗ್ರಿ ಕಾಯ್ದುಕೊಳ್ಳಿ. ಹಕ್ಕಿ ಬಾಯಿ ತೆರೆದು ರೆಕ್ಕೆ ಅಗಲಿಸಿದರೆ ಸೆಕೆಯಾಗಿದೆ, ಪುಕ್ಕ ಉಬ್ಬಿಸಿ ಮುದುಡಿದರೆ ಚಳಿ. ಅದರ ಜೋಡಿ ಹಕ್ಕಿಯನ್ನು ಬೇರೆ ಪಂಜರದಲ್ಲಿ, ಕಣ್ಣಿಗೆ ಕಾಣುವಂತೆ ಇಡಿ, ಇಲ್ಲದಿದ್ದರೆ ಪಟ್ಟಿಯನ್ನೇ ಕುಕ್ಕುತ್ತದೆ.

ನವಣೆ, ಸಜ್ಜೆಯಲ್ಲಿ ಸುಣ್ಣದಂಶ ಸಾಲದು. ಸುಣ್ಣದಂಶವಿರುವ ಸಮುದ್ರನೊರೆಯ (ಕಟಲ್‌ಬೋನ್) ತುಂಡನ್ನು ನೆಲದ ಮೇಲೇ ಇಡಿ. ಕಿಟಕಿ ಗಾಜಿನ ಒಳಗಿನ ಬಿಸಿಲಿನಿಂದ ಡಿ ಜೀವಸತ್ವ ದಕ್ಕದು, ಬೆಳಗಿನ ಎಳೆಬಿಸಿಲಿಗೆ ಹೊರಗೇ ಹದಿನೈದು ನಿಮಿಷ ಇಡಬೇಕು, ಪಂಜರದ ಅರ್ಧಕ್ಕೆ ನೆರಳು ಮಾಡಿ. ದಿನಾ ಬೆಳಿಗ್ಗೆ ಅಡುಗೆ ತಕ್ಕಡಿಯಲ್ಲಿ ತೂಗಿ. 35 ಗ್ರಾಂ ಹಕ್ಕಿ 3–4 ಗ್ರಾಂ ಇಳಿದರೆ ಅದೇ ದಿನ ವೈದ್ಯರಿಗೆ ತೋರಿಸಿ. ಎಲ್ಲರೂ ಮರೆಯುವುದು ಸರಿಯಿರುವ ಕಾಲನ್ನು. ಪೂರ್ತಿ ಭಾರ ಹೊತ್ತು ಅದರ ಪಾದ ಕೆಂಪಾಗಿ ಹುಣ್ಣಾಗುತ್ತದೆ. ಪಟ್ಟಿ ಬಿಚ್ಚಿದ ಮೇಲೂ ಮೊದಲ ವಾರ ಒಂದಿಂಚು ಎತ್ತರದಲ್ಲಿ, ಬಟ್ಟೆ ಸುತ್ತಿದ ಕಡ್ಡಿ ಸಾಕು.

– ಹಕ್ಕಿ ಸಾಕುವವರು, ಮೈಸೂರು