ಬಿಮಿನಿಯಿಂದ ಅಪ್ಪಯ್ಯನಿಗೆ

ಆಲಿಸ್ ಟೌನ್, ಉತ್ತರ ಬಿಮಿನಿ, ಬಹಾಮಾಸ್
ಫೆಬ್ರವರಿ, ಶುಕ್ರವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನವರಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಅಬ್ಬಿಗೆ ಮೊದಲು ಇಷ್ಟು ಓದಿ ಹೇಳಿ: ಕಡಲು ದಾಟಿಯಾಯಿತು, ಎಲ್ಲರೂ ದಡ ಸೇರಿದ್ದೇವೆ, ಲೈಫ್ ಜಾಕೆಟ್ ಬಿಚ್ಚಲೇ ಇಲ್ಲ. ಉಳಿದದ್ದು ನಿಮಗೆ.

ಹೊರಡುವ ಮುಂಚೆ ಫೋನ್ ಮಾಡಿದಾಗ ಅಣ್ಣ ಬೋಟಿನ ಬೆಲೆ ಕೇಳಿದ, ಅತ್ತಿಗೆ ಊಟಕ್ಕೆ ಎಂತ ಎಂದು ಕೇಳಿದಳು. ನೀವು ಮಾತ್ರ ‘ಅಲ್ಲಿ ನೀರು ಯಾವ ಕಡೆಗೆ ಎಳೆಯುತ್ತದೆ?’ ಎಂದಿರಿ. ಅಷ್ಟರಲ್ಲಿ ಲೈನ್ ಕಡಿಯಿತು. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ ಉತ್ತರ ಹೇಳಲು.

ಬಡಗಿಗೆ ಎಳೆಯುತ್ತದೆ ಅಪ್ಪಯ್ಯ, ವರ್ಷವಿಡೀ ಬಡಗಿಗೆ. ಮಳೆಗಾಲದಲ್ಲಿ ತೆಂಕು, ಚಳಿಗಾಲದಲ್ಲಿ ಬಡಗು ಎಂದು ನಮ್ಮ ಗಂಗೊಳ್ಳಿಯ ಕಡಲು ತಿರುಗುವ ಹಾಗೆ ಇದು ತಿರುಗುವುದಿಲ್ಲ. ಗಲ್ಫ್ ಸ್ಟ್ರೀಮ್ ಅನ್ನುತ್ತಾರೆ. ಫ್ಲೋರಿಡಾಕ್ಕೂ ಬಹಾಮಾಸ್‌ಗೂ ನಡುವಿನ ಸಂದಿನಲ್ಲಿ ಸೆಕೆಂಡಿಗೆ ಸುಮಾರು 3 ಕೋಟಿ ಘನ ಮೀಟರ್ ನೀರು ಹಾದುಹೋಗುತ್ತದೆ. ಭೂಮಿಯ ಮೇಲಿನ ನದಿಗಳೆಲ್ಲ ಸೇರಿ ಕಡಲಿಗೆ ಸುರಿಯುವುದರ ಇಪ್ಪತ್ತು ಪಟ್ಟಿಗೂ ಹೆಚ್ಚು! ಇದನ್ನು ಅಳೆಯುವ ಬಗೆಯೂ ಚೆಂದ. ಉಪ್ಪುನೀರು ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವಾಗ ಕಡಲ ತಳದ ಟೆಲಿಫೋನ್ ಕೇಬಲ್ಲಿನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದಂತೆ. 1982ರಿಂದ ದಶಕಗಳ ಕಾಲ ಅದನ್ನೇ ನೋಡಿ ಲೆಕ್ಕ ಹಾಕಿದ್ದಾರೆ.

ಬೋಟು 36 ಅಡಿಯದು, ಒಂದೇ ಹಾಯಿಕಂಬ, ಹೊಟ್ಟೆಯೊಳಗೆ ಒಂದು ಡೀಸೆಲ್ ಇಂಜಿನ್. ನಮ್ಮ ಆಸ್ಪತ್ರೆಯಿಂದ ನಿವೃತ್ತಿಯಾದ ನರ್ಸಮ್ಮನದು. ಬೋಟು ನಡೆಸುವ ತಾಂಡೇಲ ಅವರೇ, ಗಂಡ ಅಲ್ಲ. ಗಂಡ ಅಡುಗೆ ಮಾಡುತ್ತಾರೆ, ಹಗ್ಗ ಎಳೆಯುತ್ತಾರೆ, ನಿನ್ನೆ ಅರ್ಧ ದಿನ ವಾಂತಿ ಮಾಡುತ್ತ ಕೂತಿದ್ದರು. ನಾನು ಕೊಟ್ಟ ಶುಂಠಿ-ಬೆಲ್ಲವೂ ಅವರಿಗೆ ಒಳಗೆ ನಿಲ್ಲಲಿಲ್ಲ, ಪಾಪ. ಇದನ್ನು ಓದಿ ನೀವು ನಗುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಹೊರಡುವ ಮುಂಚೆ ಫ್ಲೋರಿಡಾದ ಕೀ ಬಿಸ್ಕೇನ್ ಎಂಬಲ್ಲಿ ಲಂಗರು ಹಾಕಿ ಗಾಳಿಗಾಗಿ ಕಾದೆವು. ಕಾಯುವುದೇ ಇಲ್ಲಿನ ಅರ್ಧ ವಿದ್ಯೆ. ಚಳಿಗಾಲದಲ್ಲಿ ಬಡಗಿನಿಂದ ಶೀತಗಾಳಿ ಮತ್ತೆ ಮತ್ತೆ ನುಗ್ಗುತ್ತದೆ. ಬಡಗಿಗೆ ಓಡುವ ನೀರಿಗೆ ಬಡಗಿನ ಗಾಳಿ ಎದುರಾದರೆ ಅಲೆ ಗೋಡೆಯಂತೆ ಕಡಿದಾಗಿ, ಒಂದಕ್ಕೊಂದು ಒತ್ತಾಗಿ ಏಳುತ್ತದೆ. ಬೆಳಿಗ್ಗೆ ದಿಗಂತದಲ್ಲಿ ‘ಆನೆಗಳು’, ಅಂದರೆ ಇಂಥ ಅಲೆಗಳ ಸಾಲು, ಕಂಡರೆ ಹೊರಡಬಾರದು ಎಂದು ಇಲ್ಲಿಯ ಹಾಯಿಯವರ ಮಾತು. ಇಳಿತದ ನೀರಿಗೆ ಪಡುಗಾಳಿ ಎದುರು ನಿಂತ ದಿನ ನಮ್ಮ ಅಳಿವೆ ಬಾಗಿಲು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕೇ? ಅದೇ ನೀರು-ಗಾಳಿಯ ಜಗಳ, ಆದರೆ ಹತ್ತಾರು ಮೈಲಿಯ ಅಗಲಕ್ಕೆ. ಮುಂದಿನ ಶೀತಗಾಳಿ ಬರುವ ಮೊದಲು ಗಾಳಿ ಮೂಡಿನಿಂದ ತೆಂಕಿಗೆ ತಿರುಗಿ ಒಂದೆರಡು ದಿನ ನಿಲ್ಲುತ್ತದೆ. ಆ ಸಂದಿನಲ್ಲಿ ದಾಟಿ ಮುಗಿಸಬೇಕು.

ನಿನ್ನೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಬಿಮಿನಿ ಸುಮಾರು 45 ನಾಟಿಕಲ್ ಮೈಲು, ಹೆಚ್ಚುಕಡಿಮೆ ನೇರ ಮೂಡಿಗೆ. ಆದರೆ ಬೋಟಿನ ಮೂತಿ ಮೂಡಿಗಲ್ಲ, ಅಲ್ಲಿಂದ 30 ಡಿಗ್ರಿ ತೆಂಕಿಗೆ. ನಮ್ಮ ಓಟ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲು; ನೀರಿನ ಎಳೆತ ದಾರಿಯುದ್ದಕ್ಕೂ ಸರಾಸರಿ ಎರಡೂವರೆ, ನಡುವಿನಲ್ಲಿ ಮೂರೂವರೆಯವರೆಗೂ. ದ್ವೀಪದ ಕಡೆಗೇ ಮೂತಿ ಹಿಡಿದು ಹೊರಟರೆ ನೀರು ಬಡಗಿಗೆ ಒಯ್ಯುತ್ತದೆ, ಕೊನೆಯಲ್ಲಿ ಸೆಳೆತಕ್ಕೆ ಎದುರಾಗಿ ಹತ್ತಬೇಕಾಗುತ್ತದೆ. ಅದಕ್ಕೆ ಪೂರ್ತಿ ದಾರಿಯ ಎಳೆತವನ್ನು ಮೊದಲೇ ಲೆಕ್ಕ ಹಾಕಿ, ಒಂದೇ ದಿಕ್ಕು ಹಿಡಿದು, ಕೊನೆಯವರೆಗೆ ಬದಲಿಸದೆ ಹೋಗುತ್ತಾರೆ. ಶುರುವಿಗೆ ಪರದೆಯ ಮೇಲೆ ನಾವು ತೆಂಕಿಗೆ ದಾರಿ ತಪ್ಪಿದ ಹಾಗೆ ಕಾಣುತ್ತಿತ್ತು. ಆಮೇಲೆ ಬಡಗಿಗೆ ಕೊಚ್ಚಿಕೊಂಡು ಹೋದ ಹಾಗೆ. ಚುಕ್ಕಾಣಿ ನನ್ನ ಕೈಯಲ್ಲಿತ್ತು, ತಿರುಗಿಸಿಬಿಡಲೇ ಎಂದು ಕೈ ತುರಿಸುತ್ತಿತ್ತು. ನರ್ಸಮ್ಮ ಚಹಾ ಕುಡಿಯುತ್ತ ‘ಮುಟ್ಟಬೇಡ, ಮಧ್ಯಾಹ್ನ ನೋಡು’ ಎಂದರು.

ಕತ್ತಲಲ್ಲಿ ಹೆದರಿಕೆ ಇದ್ದದ್ದು ಹಡಗುಗಳದು. ತೆಂಕಿಗೆ ಹೋಗುವವು ಎಳೆತ ತಪ್ಪಿಸಲು ಫ್ಲೋರಿಡಾದ ದಡಕ್ಕೆ ಹತ್ತಿರ ಹೋಗುತ್ತವೆ, ಬಡಗಿಗೆ ಹೋಗುವವು ಎಳೆತದ ಬೆನ್ನೇರಿ ನಡುವೆ ಬರುತ್ತವೆ. ಹಾಗಾಗಿ ಎರಡು ರಸ್ತೆ ದಾಟಿದಂತೆಯೇ. ಪ್ರತಿ ಹಡಗಿನ ಹೆಸರು, ವೇಗ, ಎಷ್ಟು ಹತ್ತಿರ ಹಾಯುತ್ತದೆ ಎಂಬುದೆಲ್ಲ ಎಐಎಸ್ ಪರದೆ ಹೇಳುತ್ತದೆ. ಆದರೂ ಕಂಟೇನರ್ ಹಡಗಿನ ಕೆಂಪು ದೀಪವೂ ಹಸಿರು ದೀಪವೂ ಒಟ್ಟಿಗೆ ಕಂಡಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ. ಅದು ನೇರ ನಮ್ಮ ಮೇಲೇ ಬರುತ್ತಿದೆ ಎಂದು ಅರ್ಥವಲ್ಲವೇ. ರೇಡಿಯೋದಲ್ಲಿ ಕರೆದೆವು, ಅವರೇ ಸ್ವಲ್ಪ ತಿರುಗಿದರು.

ಬೆಳಕಾದ ಮೇಲೆ ಕಂಡ ನೀರಿನ ಬಣ್ಣ ಹೇಗೆ ಹೇಳಲಿ? ಶಾಯಿ. ನೀವು 30 ಮಾರು, 40 ಮಾರು ಎಂದು ಲೆಕ್ಕ ಹೇಳುತ್ತೀರಲ್ಲ, ಇಲ್ಲಿ ನಡುವೆ 800 ಮೀಟರಿನ ಹತ್ತಿರ, ಅಂದರೆ 400 ಮಾರಿಗೂ ಮೇಲೆ. ಆಳದ ಮೀಟರು ಲೆಕ್ಕ ಸಿಗದೆ ಬರೀ ಗೀಟು ತೋರಿಸುತ್ತಿತ್ತು. ಹಾರುವ ಮೀನು ಗುಂಪುಗುಂಪಾಗಿ ಎದ್ದವು. ಗಾಳ ಬಿಟ್ಟೆ. ಸಿಕ್ಕಿದ್ದು ಸರ್ಗಾಸಮ್ ಪಾಚಿ ಮಾತ್ರ, ಹಳದಿ ಹುಲ್ಲಿನ ಮೆದೆ ತೇಲಿಬಂದ ಹಾಗೆ ಬರುತ್ತದೆ, ಕೊಕ್ಕೆಗೆ ಸುತ್ತಿಕೊಳ್ಳುತ್ತದೆ.

ನಿಮಗೆ ಹಿಡಿಸುವ ಕತೆಯೊಂದಿದೆ. ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ಅಂಚೆಯ ಮೇಲಧಿಕಾರಿ. ಇಂಗ್ಲೆಂಡಿನಿಂದ ಬರುವ ಅಂಚೆ ಹಡಗುಗಳು ವ್ಯಾಪಾರಿ ಹಡಗುಗಳಿಗಿಂತ ಎರಡು ವಾರ ತಡ ಯಾಕೆ ಎಂಬ ದೂರು ಬಂತು. ಫ್ರಾಂಕ್ಲಿನ್ ನಾಂಟಕೆಟ್‌ನ ತಿಮಿಂಗಿಲ ಬೇಟೆಯ ಕಪ್ತಾನ, ತನ್ನ ನೆಂಟ ಟಿಮೊಥಿ ಫೋಲ್ಜರ್‌ನನ್ನು ಕೇಳಿದರು. ತಿಮಿಂಗಿಲ ಈ ಹರಿವಿನ ಅಂಚಿನಲ್ಲೇ ಇರುತ್ತವೆ, ಆದ್ದರಿಂದ ಬೇಟೆಯವರಿಗೆ ಹರಿವು ಎಲ್ಲಿದೆಯೆಂದು ಗೊತ್ತಿತ್ತು. ಎದುರು ಎಳೆತದಲ್ಲಿ ಏಗುತ್ತಿರುವ ಅಂಚೆ ಹಡಗಿನವರಿಗೆ ಹೊರಗೆ ಬನ್ನಿ ಎಂದು ಹೇಳುತ್ತಲೂ ಇದ್ದರಂತೆ. ಮೀನು ಹಿಡಿಯುವವರ ಮಾತನ್ನು ಆ ದೊಡ್ಡವರು ಕೇಳುತ್ತಾರೆಯೇ! ಫೋಲ್ಜರ್ ಬರೆದುಕೊಟ್ಟದ್ದೇ ನಕಾಶೆಯಾಗಿ ಅಚ್ಚಾಯಿತು. ಅದಕ್ಕೂ ಬಹಳ ದಿನ ಯಾರೂ ಬೆಲೆ ಕೊಡಲಿಲ್ಲ. ಬಂದರಿನ ಕಚೇರಿಯಲ್ಲಿ ನಿಮಗೆ ಆಗುವ ಅನುಭವ ಇದೇ ಅಲ್ಲವೇ.

ನಿನ್ನೆ ಮಧ್ಯಾಹ್ನ ಎರಡೂವರೆಗೆ ಬಿಮಿನಿ ಮುಂದೆ, ಮೂತಿಯ ಎಡಕ್ಕೆ, ಲೆಕ್ಕ ಹಾಕಿದಲ್ಲೇ. ತಗ್ಗು ದ್ವೀಪ, ಹತ್ತಿರ ಬರುವವರೆಗೆ ಕಾಣುವುದೇ ಇಲ್ಲ. ನೂರಾರು ಮೀಟರ್ ಆಳ ನೋಡುನೋಡುತ್ತಿದ್ದಂತೆ ಹತ್ತು ಮೀಟರಿಗೆ ಬರುತ್ತದೆ, ಶಾಯಿ ಹೋಗಿ ಪಚ್ಚೆ, ಕೆಳಗೆ ಮರಳು ಕಾಣುತ್ತದೆ. ಸೂರ್ಯ ಮೇಲಿರುವಾಗಲೇ ಬರಬೇಕೆನ್ನುವುದು ಇದಕ್ಕೆ, ನೀರು ಎಲ್ಲಿ ಆಳವಿಲ್ಲವೆಂದು ಬಣ್ಣದಲ್ಲೇ ಓದಬೇಕು. ತಪಾಸಣೆ ಇನ್ನೂ ಆಗಿಲ್ಲವೆಂದು ಹೇಳುವ ಹಳದಿ ಬಾವುಟ ಏರಿಸಿ, ತಾಂಡೇಲ ಒಬ್ಬರೇ ಇಳಿದು ಕಸ್ಟಮ್ಸಿಗೆ ಹೋದರು. ಅವರು ಬರುವವರೆಗೆ ನಾವು ದಡ ಮೆಟ್ಟುವಂತಿಲ್ಲ. ಇವತ್ತು ಮಧ್ಯಾಹ್ನದಿಂದ ಗಾಳಿ ಬಡಗಿಗೆ ತಿರುಗಿದೆ, ಹಗ್ಗಗಳೆಲ್ಲ ಕಿರುಗುಟ್ಟುತ್ತಿವೆ. ಇನ್ನು ನಾಲ್ಕು ದಿನ ಇಲ್ಲೇ.

ಒಂದು ಮಾತು, ಬೇಸರ ಮಾಡಬೇಡಿ. ಅಣ್ಣ ಹತ್ತು ವರ್ಷಕ್ಕೇ ನಿಮ್ಮ ಬೋಟು ಹತ್ತಿದ. ನಾನು ಕೇಳಿದಾಗೆಲ್ಲ ‘ಹೆಣ್ಮಕ್ಳಿಗೆ ಕಡಲು ಎಂತಕ್ಕೆ’ ಎಂದಿರಿ. ನೀರಿನ ಬಣ್ಣ, ಎಳೆತ, ಗಾಳಿ ತಿರುಗುವ ಹೊತ್ತು, ಎಲ್ಲ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತ ನೀವು ಅವನಿಗೆ ಹೇಳುತ್ತಿದ್ದದ್ದನ್ನು ಕೇಳಿಯೇ ನಾನು ಕಲಿತದ್ದು. ನಿನ್ನೆ ನರ್ಸಮ್ಮ ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಿಮ್ಮ ಹೆಸರು ಹೇಳಿದೆ.

ಏಪ್ರಿಲ್‌ನಲ್ಲಿ ಬರುತ್ತೇನೆ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗುವ ಮೊದಲು ಒಂದು ದಿನ ನನ್ನನ್ನೂ ಅಳಿವೆ ದಾಟಿಸಿ ಕರೆದುಕೊಂಡು ಹೋಗಿ. ಅಬ್ಬಿಯನ್ನು ನಾನು ಒಪ್ಪಿಸುತ್ತೇನೆ, ನಿಮ್ಮ ಬೋಟಿನವರನ್ನು ನೀವು ಒಪ್ಪಿಸಿ.

ಇತಿ ನಿಮ್ಮ ಮಗಳು