ಆ ಹುಡುಗಿಯನ್ನು ಬೇರೆಯವರ ಹೆಸರಿನಲ್ಲಿ ಆಸ್ಪತ್ರೆಗೆ ಸೇರಿಸಬೇಡ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಬರೆದು ಮುಗಿಸುತ್ತಿದ್ದೇನೆ. ಇಂಥದ್ದು ಬೇರೆ ತೋಟಗಳಲ್ಲೂ ನಡೆಯುತ್ತದೆ, ನಾಲ್ಕು ಜನ ಓದುವ ಕಡೆ ಹಾಕು ಅಂದವನು ನೀನೇ. ಅದಕ್ಕೇ ಹೆಸರು, ತೋಟ ಎರಡನ್ನೂ ಬಿಟ್ಟಿದ್ದೇನೆ.

ತೋಟದ ಕೆಲಸದವರ ಲೈನ್ ಮನೆಯ ಆ ಹುಡುಗಿಗೆ 20 ವರ್ಷ. ಬಸುರಿ, ಏಳು ತಿಂಗಳು ತುಂಬಿದೆ. ಕಾಫಿ ಕುಯ್ಲಿಗೆ ಬಂದಿದ್ದ ಹುಡುಗ ಈಗ ಫೋನೇ ಎತ್ತುತ್ತಿಲ್ಲ. ಅತ್ತ ಮಕ್ಕಳಿಲ್ಲದ ಒಂದು ಮನೆಯವರು ಕಾಯುತ್ತಿದ್ದಾರೆ. ಆ ಮನೆಯಾಕೆಯ ಹೆಸರಿನಲ್ಲಿ ಹುಡುಗಿಯನ್ನು ಹೆರಿಗೆಗೆ ಸೇರಿಸುವುದು, ಮಗುವನ್ನು ನೇರ ಅವರ ಮನೆಗೆ ಒಯ್ಯುವುದು, ಹುಡುಗಿಯ ಮಾವನ ಕೈಗೆ ಒಂದಿಷ್ಟು ದುಡ್ಡು. "ಎಲ್ಲರಿಗೂ ಒಳ್ಳೇದೇ ಅಲ್ವಾ" ಅಂದೆ ನೀನು. ನಿನ್ನ ಮನಸ್ಸು ನನಗೆ ಗೊತ್ತು. ಆದರೂ ಇದನ್ನು ಮಾಡಬೇಡ.

ದುಡ್ಡು ಕೊಟ್ಟು ತೆಗೆದುಕೊಂಡರೆ ಅದು ಮಗುವಿನ ಮಾರಾಟ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲು, 1 ಲಕ್ಷ ದಂಡ. ಆಸ್ಪತ್ರೆಯವರು ಸೇರಿಕೊಂಡರೆ ಅವರಿಗೆ 7 ವರ್ಷದವರೆಗೂ ಆಗಬಹುದು. ಜೈಲಿನ ಮಾತು ಹಾಗಿರಲಿ. ನಾಳೆ ಹುಡುಗಿಗೆ ಮಗು ಬೇಕು ಅನಿಸಿದರೆ ಯಾರ ಹತ್ತಿರ ಹೋಗಿ ಕೇಳಬೇಕು? ಕಾಗದದ ಪ್ರಕಾರ ಅವಳು ಹೆತ್ತೇ ಇಲ್ಲ.

ಮಗುವನ್ನು ಸರ್ಕಾರಕ್ಕೆ ಒಪ್ಪಿಸಿದರೆ ಪೊಲೀಸರು ಹಿಡಿಯುತ್ತಾರೆ ಅಂತ ಅವಳನ್ನು ಹೆದರಿಸಿದ್ದಾರೆ ಅಂದೆಯಲ್ಲ, ಅದು ಸುಳ್ಳು. ಸಾಕಲು ಆಗದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಲು ಅದೇ ಕಾಯ್ದೆಯಲ್ಲಿ ದಾರಿ ಇದೆ. ಪ್ರತಿ ಜಿಲ್ಲೆಗೂ ಒಂದು ಸಮಿತಿ ಇರುತ್ತದೆ. ಮದುವೆಯಾಗದ ತಾಯಿ ಒಬ್ಬಳೇ ಸಹಿ ಹಾಕಿದರೆ ಸಾಕು, ಆ ಹುಡುಗನನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಪೇಪರಿನಲ್ಲಿ ಪ್ರಕಟಣೆ ಕೊಡುವುದಿಲ್ಲ, ಅವಳ ಹೆಸರನ್ನು ಗುಟ್ಟಾಗಿ ಇಡುತ್ತಾರೆ. ಮೊದಲು ಅವಳ ಜೊತೆ ಕೂತು ಮಾತಾಡುತ್ತಾರೆ. ಸಹಿ ಹಾಕಿದ ಮೇಲೂ ಮತ್ತೆ ಯೋಚಿಸಲು 2 ತಿಂಗಳು ಇರುತ್ತದೆ. ಬಾಣಂತನದ ಆ 2 ತಿಂಗಳು ಎಷ್ಟು ದೊಡ್ಡದು ಅಂತ ಹೆತ್ತವರನ್ನು ಕೇಳಿ ನೋಡು. ಅಷ್ಟರಲ್ಲಿ ಅವಳು ಮನಸ್ಸು ಬದಲಿಸದಿದ್ದರೆ ಮಾತ್ರ ಮಗು ದತ್ತಿಗೆ.

ಅಮೆರಿಕದಲ್ಲಿ 1999ರಲ್ಲಿ ಟೆಕ್ಸಾಸ್ ಶುರು ಮಾಡಿದ ಕಾನೂನು ಈಗ 50 ರಾಜ್ಯಗಳಲ್ಲೂ ಇದೆ. ಅಲ್ಲಿ ಹಸುಗೂಸನ್ನು ಆಸ್ಪತ್ರೆಯವರ ಕೈಗೆ ಕೊಟ್ಟು ಹೆಸರೂ ಹೇಳದೆ ಹೋಗಬಹುದು. ನಮ್ಮಲ್ಲಿ ಹಾಗಲ್ಲ, ಹೆಸರು ಬರೆಸಬೇಕು. ಆದರೆ ತಾಯಿ ತಿರುಗಿ ಬಂದರೆ ಇವಳೇ ಅಂತ ಗೊತ್ತಾಗುವುದು ಆ ಹೆಸರಿನಿಂದಲೇ. ನನಗೆ ನಮ್ಮದೇ ಜಾಸ್ತಿ ಇಷ್ಟ.

ನಿನಗೆ ಇಷ್ಟು ದಿನ ಹೇಳದ ಒಂದು ವಿಷಯ ಇದೆ. ನಮ್ಮ ಮಗಳೂ ಹೀಗೆ ಒಪ್ಪಿಸಿದ ಮಗು. ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಲ್ಲಿ ಹೆಸರು ಹಾಕಿಸಿ ನಾವು ಮೂರೂವರೆ ವರ್ಷ ಕಾದೆವು. ಕರೆದುಕೊಂಡು ಬರಲು ಹೋದ ದಿನ ಅವಳ ಎಡಗೈಯಲ್ಲಿ ಒಂದು ಕಪ್ಪು ದಾರ ಇತ್ತು, ನಡುವೆ ಒಂದೇ ಒಂದು ಕರಿಮಣಿ. ಬಂದಾಗಲೇ ಇತ್ತು, ನಾವು ಬಿಚ್ಚಲಿಲ್ಲ ಅಂದರು ಅಲ್ಲಿನ ಆಯಾ. ಮಗುವನ್ನು ಬಿಟ್ಟು ಹೋಗುವಾಗಲೂ ದೃಷ್ಟಿಯಾಗದಿರಲಿ ಅಂತ ಕಟ್ಟಿದ್ದಾರೆ ನೋಡು. ಕೈ ದಪ್ಪಗಾಗಿ ದಾರ ಬಿಗಿಯಾದಾಗ ನನ್ನ ಹೆಂಡತಿ ಅದನ್ನು ಬಿಚ್ಚಿ, ಸಣ್ಣ ಕುಂಕುಮದ ಡಬ್ಬಿಯಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಟ್ಟಳು. ಮಗಳು ಕೇಳಿದ ದಿನ ಕೊಡುತ್ತೇವೆ.

ಹುಡುಗಿಗೆ ಸಾಕುವ ಆಸೆ ಇದೆಯಾ ಅಂತ ಯಾರಾದರೂ ಕೇಳಿದ್ದಾರಾ? ಮನೆಯವರು ಕೈಬಿಟ್ಟ ತಾಯಿಯ ಮಗುವಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಆದಾಯದ ಷರತ್ತಿದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸೋಣ. ಆ ಮಕ್ಕಳಿಲ್ಲದ ಮನೆಯವರಿಗೆ ಬೈಯಬೇಡ. ಕಾಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕಾರಾದಲ್ಲಿ ಹೆಸರು ಹಾಕಿಸಲಿ, ಅರ್ಜಿ ತುಂಬಲು ನಾನು ಜೊತೆಗೆ ಕೂರುತ್ತೇನೆ.

1098 ನಂಬರನ್ನು ಲೈನ್ ಮನೆಯ ಗೋಡೆ ಮೇಲೆ ದೊಡ್ಡದಾಗಿ ಬರೆಸು. ಮಕ್ಕಳ ಸಹಾಯವಾಣಿ, ರಾತ್ರಿ ಹೊತ್ತೂ ಫೋನ್ ಎತ್ತುತ್ತಾರೆ. ದುಡ್ಡಿನ ಮಾತು ಬೇಡ ಅಂತ ಅವಳ ಮಾವನಿಗೆ ಇವತ್ತೇ ಹೇಳಿಬಿಡು. ಶನಿವಾರ ಮಡಿಕೇರಿಯಿಂದ ಮೊದಲ ಬಸ್ಸಿಗೆ ನಾವಿಬ್ಬರೂ ಹೊರಡುತ್ತೇವೆ. ಗಂಡಸರು ಹೊರಗೆ ಇರೋಣ, ನನ್ನ ಹೆಂಡತಿ ಒಬ್ಬಳೇ ಅವಳ ಹತ್ತಿರ ಮಾತಾಡಲಿ.

ನಿನ್ನ,
ಗೆಳೆಯ